ಒಂದು ಬೆರಳಿನಷ್ಟು ಗಾಳಿ

ಹತ್ತಿ ಮ್ಯಾಲಿಂದ ಬಿದ್ದಾಂವ ನಾನು.
ಹತ್ತಿ ಮ್ಯಾಲ ಬಿದ್ದಿದ್ರ ಮಾತು ಬ್ಯಾರೆ ಇತ್ತು.
ಲಾರಿ ತುದಿಗೆ ಹಗ್ಗ ಬಿಗಿಯಾಕ ಏರಿದ್ದೆ,
ಹಗ್ಗ ಹರೀತು,
ಕೆಳಗ ಗದಗ ಎಪಿಎಂಸಿಯ ಹಾಸುಗಲ್ಲು.
ಸೊಂಟದ ಕೆಳಗ ಅವತ್ತು ಹೋದ ಕರೆಂಟು
ಇನ್ನೂ ಬಂದಿಲ್ಲ.

ನಾವು ನದಾಫರು. ಮೂರು ತಲಿಯಿಂದ
ಮಂದಿಗೆ ಮೆತ್ತಗ ಮಾಡಿ ಕೊಟ್ಟಾವರು.
ಅಜ್ಜ ಹತ್ತಿ ಹಿಂಜೂ ಬಿಲ್ಲು ಅಟ್ಟದ ಮ್ಯಾಲ ಐತಿ,
ಅದರ ನರಾನೂ ಸತ್ತೈತಿ.
ಬೆಟಗೇರಿಯ ಎಷ್ಟು ಮದುವಿ ಗಾದಿ, ಎಷ್ಟು ಬಾಣಂತಿ ಹಾಸಿಗಿ
ಈ ಕೈಯಾಗ ಹೊಲಿಗಿ ಕಂಡಾವು!
ಹೊಲದ ಮ್ಯಾಲ ಒಮ್ಮೆ ಕುಂತು ನೋಡೂದು ರೂಢಿ.
ಎಲ್ಲಿ ಗಂಟು, ಎಲ್ಲಿ ತಗ್ಗು
ಕುಂಡಿಗೆ ಗೊತ್ತಾಗತಿತ್ತು.

ಹಂಗಾಗಿ ಗಾಲಿ ಕುರ್ಚಿ ಬಂದ ದಿನಾನ
ನನಗ ನಾನ ಒಂದು ಗಾದಿ ಹೊಲಕೊಂಡೆ.
ಎರಡು ಕಿಲೋ ಹೊಸ ಹತ್ತಿ, ಹಸಿರು ಮಖಮಲ್ಲು.
"ನವಾಬರ ಕುರ್ಚಿ ಆತು ನೋಡ್ರಿ" ಅಂದ್ಳು ಕಾಸೀಂಬಿ.

ಅಲುಗದ ಕುಂತಾವರ ಅಡಿ ಹತ್ತಿ ಕಲ್ಲಾಗತೈತಿ.
ಇದು ನನಗ ಗೊತ್ತಿದ್ದ ಮಾತು.
ಬಿಸಲಿಗೆ ಹಾಕ್ರಿ, ಎರಡು ವರ್ಷಕ್ಕೊಮ್ಮೆ ಹಿಂಜಿಸ್ರಿ ಅಂತ
ಗಿರಾಕಿಗೆ ನಾನ ಹೇಳತಿದ್ದೆ.
ನೋವು ಬಂದಿದ್ರ ನೆನಪು ಮಾಡತಿತ್ತು.
ನೋವು ಬರಲಿಲ್ಲ.
ವಾಸನಿ ಬಂತು.

ಹುಬ್ಬಳ್ಳಿ ಕಿಮ್ಸಿನಾಗ ಮೂರು ತಿಂಗಳು ಬೋರಲ ಮಲಗಿದೆ.
ಹೊರಗ ರೂಪಾಯಿಯಷ್ಟು ಗಾಯ,
ಒಳಗ ನಿಂಬಿಹಣ್ಣು ಹಿಡಿಯುವಷ್ಟು ಪೊಳ್ಳು.
ನರ್ಸಮ್ಮ ಇಕ್ಕಳ ಹಿಡದು ನೆನಸಿದ ಬಟ್ಟಿ ತುಂಬೂವಾಗ
ಅಭ್ಯಾಸಬಲ, ನೆಲ ನೋಡಿಕೊಂತ ಅಂದೆ:
"ಸಡಿಲ ತುಂಬ್ರಿ ತಾಯಿ, ಬಿಗಿ ಮಾಡಬ್ಯಾಡ್ರಿ."
"ನಮ್ಮ ಪುಸ್ತಕದಾಗೂ ಹಂಗ ಐತಿ ಸಾಬ್ರ" ಅಂದು ನಕ್ಕಳು.

ಈಗ ಗಾಳಿ ಗಾದಿ.
ಕರೀ ರಬ್ಬರು, ಸಾಲು ಸಾಲು ಗುಳ್ಳಿ,
ಇಡ್ಲಿ ತಟ್ಟಿ ಬೋರಲ ಹಾಕಿದಂಗ.
ರೇಟು ಕೇಳಬ್ಯಾಡ್ರಿ, ಒಂದು ಹೊಲಿಗಿ ಮಿಷಿನ್ನು ಹೋತು.
ಭಾಳ ಊದಿದ್ರ ಕಲ್ಲು,
ಕಡಿಮಿ ಆದ್ರ ಎಲುಬು ತಳಕ್ಕ ಬಡಿತೈತಿ.
ಅಡಿ ಕೈ ತೂರಿಸಿ ನೋಡಬೇಕು,
ಎಲುಬಿಗೂ ತಳಕ್ಕೂ ನಡುವ
ಒಂದು ಬೆರಳಿನಷ್ಟು ಗಾಳಿ.
ಅದರ ಮ್ಯಾಲ ನನ್ನ ಅಂಗಡಿ, ಸಂಸಾರ, ಎಲ್ಲಾ ಕುಂತೈತಿ.

ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲ್ ಕುಯ್ಯಂತೈತಿ.
ಎದಿ ತೊಡಿಗೆ ಹತ್ತೂತನಕ ಮುಂದ ಬಗ್ಗತೀನಿ, ಎರಡು ನಿಮಿಷ.
"ಏನು ಬಿತ್ತು ಸಾಬ್ರ, ತಗದು ಕೊಡ್ಲೇನು?"
ಏನೂ ಬಿದ್ದಿಲ್ಲಪ್ಪಾ,
ನೆತ್ತರಕ್ಕ ದಾರಿ ಬಿಡಾಕತ್ತೀನಿ.

ರಾತ್ರಿ ಕಾಸೀಂಬಿ ಕೈಯಾಗ ಬ್ಯಾಟರಿ, ನನ್ನ ಕೈಯಾಗ ಕನ್ನಡಿ.
ಕೆಂಪು ಕಂಡಲ್ಲಿ ಆಕಿ ಹೆಬ್ಬೆರಳು ಒತ್ತಿ ಬಿಡತಾಳ.
ಬೆಳ್ಳಗಾಗಿ ಮತ್ತ ಕೆಂಪಾದ್ರ ಅಲ್ಲಾನ ದಯಾ.
ಒತ್ತಿದ್ರೂ ಕೆಂಪು ಕೆಂಪಾಗೇ ಉಳಿದ್ರ
ನಾಳೆ ಅಂಗಡಿ ಬಂದ್.

ನಿನ್ನೆ ಶಿರಹಟ್ಟಿ ಕಡಿಂದ ದ್ಯಾಮವ್ವ ಬಂದಿದ್ಲು
ಮಗನ ಕುರ್ಚಿ ತಳ್ಳಿಕೊಂತ.
ಫಕೀರೇಶ, ಇಪ್ಪತ್ತೆರಡು, ಟ್ರ್ಯಾಕ್ಟರ್ ಮಗುಚಿದ್ದು.
ಅವನ ಅಡಿ ಸ್ಕೂಟರಿನ ಟ್ಯೂಬು, ಗಾಳಿ ತುಂಬಿ.
"ಇದರ ಮ್ಯಾಲ ದಪ್ಪನ್ನ ಗಾದಿ ಹೊಲದು ಕೊಡ್ರಿ."
ಸೆರಗಿನ ಗಂಟು ಬಿಚ್ಚಿ ನೋಟು ಸವರಿದ್ಲು.

ಕಪಾಟಿನ ತುಂಬ ಗಾದಿ.
ಮೂವತ್ತು ವರ್ಷದಾಗ ಮೊದಲ ಸಲ ಅಂದೆ,
"ನಿಮಗ ಕೊಡೂವಂಥಾದ್ದು ನನ್ನ ಅಂಗಡ್ಯಾಗ ಏನೂ ಇಲ್ಲವ್ವ."
ಆಕಿ ಮಾರಿ ಸಣ್ಣದಾತು.
ರೊಕ್ಕ ಕಡಿಮಿ ಆತು ಅಂದಕೊಂಡ್ಲೇನೋ.

ಮೊದಲ ಟ್ಯೂಬು ತಗಸಿದೆ. ನಡುವ ತೂತು, ಸುತ್ತ ಉರುಲು.
ಯಾರದೋ ಮದುವಿ ಗಾದಿ ಮ್ಯಾಲ ನಾನು ಬೋರಲ ಬಿದ್ದೆ,
ಹೆಂಗಸರಿಬ್ಬರು ಕೂಡಿ ಹುಡುಗನ್ನ ಎತ್ತಿ
ನನ್ನ ಗಾಳಿ ಮ್ಯಾಲ ಕುಂದರಿಸಿದ್ರು.
"ತಿರುಪು ಸಡಿಲಸು. ಪುಸ್ ಅನ್ನಲಿ. ಸಾಕು.
ಕೈ ತೂರಿಸವ್ವ, ಬೆರಳು ಹಿಡೀತೇನು?"
"ಹಿಡೀತರಿ."
ಹಡದಾಕಿಯ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ಕಾಕಾ, ನನಗೇನೂ ಫರಕ ಗೊತ್ತಾಗವಲ್ದು" ಅಂದ ಹುಡುಗ.
"ಗೊತ್ತಾಗೂದಿಲ್ಲ" ಅಂದೆ.
"ಮೊಬೈಲ್ ತಗಿ.
ಇಪ್ಪತ್ತು ನಿಮಿಷಕ್ಕ ಇಡು."